ಸ್ಕೂಟರಿನ ಮೇಲಿನ ಹತ್ತು ನಿಮಿಷ

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಮನೆಯವರೆಲ್ಲರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಮಾಧವ ಅವರಿಗೆ 41 ವರ್ಷ. ಬೆಂಗಳೂರಿನಲ್ಲಿ ದೈನಿಕ ಧಾರಾವಾಹಿಯೊಂದಕ್ಕೆ ಸಂಭಾಷಣೆ ಬರೆಯುತ್ತಾರೆ. ಎದೆ ಬಿಗಿಯುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ ಎಂಬ ದೂರು. ಮೊದಲು ಹೃದಯದ ತಪಾಸಣೆ ಮಾಡಿಸಿಕೊಂಡು ಬನ್ನಿ ಎಂದು ಕಳುಹಿಸಿದೆ. ಇಸಿಜಿ, ಎಕೋ ಎರಡೂ ಸರಿಯಿದ್ದವು. ಆಮೇಲೆ ಮಾತಿಗೆ ಕುಳಿತೆವು.

"ಮೇಡಂ, ನಮ್ಮ ಬಫರ್ ಖಾಲಿಯಾಗಿದೆ" ಎಂದರು. ಚಿತ್ರೀಕರಣ ಮುಗಿದು ಪ್ರಸಾರಕ್ಕೆ ಕಾಯುತ್ತಿರುವ ಸಂಚಿಕೆಗಳ ದಾಸ್ತಾನನ್ನು ಅವರ ತಂಡ ಹಾಗೆ ಕರೆಯುತ್ತದೆ. ಹತ್ತು ಸಂಚಿಕೆ ಕೈಯಲ್ಲಿದ್ದರೆ ನಾಯಕಿಗೆ ಜ್ವರ ಬಂದರೂ ಚಿಂತೆಯಿಲ್ಲ. ಆರು ತಿಂಗಳಿಂದ ಒಂದೂ ಇರಲಿಲ್ಲ. ಇಂದು ಬರೆದದ್ದು ನಾಳೆ ಚಿತ್ರೀಕರಣ, ನಾಡಿದ್ದು ಪ್ರಸಾರ.

ದಿನಕ್ಕೆ ಎರಡು ದೃಶ್ಯ ಹೆಚ್ಚಿಗೆ ಬರೆದು ದಾಸ್ತಾನು ಬೆಳೆಸಿಕೊಳ್ಳಿ ಎಂದೆ. ಈ ಸಲಹೆ ತಪ್ಪಾಯಿತು. ಅವರು ನಿದ್ದೆಗೆಟ್ಟು ಮೂರು ಸಂಚಿಕೆ ಮುಂದೆ ಓಡಿದರು. ಅಷ್ಟರಲ್ಲೇ ಭಾನುವಾರಕ್ಕೆ ಮಹಾಸಂಚಿಕೆಯ ಬೇಡಿಕೆ ಬಂತು, ಮೂರೂ ಒಂದೇ ಸಂಜೆಗೆ ಕರಗಿದವು. ಕಣಜ ತುಂಬಿದೆ ಎಂದು ಊರಿಗೆ ಗೊತ್ತಾದರೆ ಸಾಲ ಕೇಳುವವರು ಬಾಗಿಲಿಗೆ ಬರುತ್ತಾರೆ ಎಂಬುದು ನನಗೆ ಹೊಳೆಯಬೇಕಿತ್ತು. ಎರಡನೆಯ ಭೇಟಿಗೆ ಅವರು ಇನ್ನಷ್ಟು ಬಳಲಿ ಬಂದರು.

ಆ ದಿನ ಮನೆಯ ವಿಚಾರ ತೆಗೆದೆ. ತಂದೆ ತೀರಿಕೊಂಡ ಮೇಲೆ ಗದಗದ ಕಡೆಯ ಹಳ್ಳಿಯಿಂದ ತಾಯಿ ಬಂದು ಇವರ ಜೊತೆಗಿದ್ದಾರೆ. ಪತ್ನಿ ಸುಮಾ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. "ಅಲ್ಲಿ ನಾನೇ ಬಫರ್" ಎಂದು ನಕ್ಕರು. ಅವ್ವ "ಸಾರಿಗೆ ಉಪ್ಪೇ ಇಲ್ಲ, ನಿನ್ನ ಹೆಂಡತಿಗೆ ಹೇಳು" ಎಂದರೆ, ಇವರು ಅಡುಗೆಮನೆಗೆ ಹೋಗಿ "ಅವ್ವನಿಗೆ ಬಾಯಿರುಚಿ ಕೆಟ್ಟಿದೆಯಂತೆ, ಉಪ್ಪಿನಕಾಯಿ ಇದೆಯೇ?" ಎನ್ನುತ್ತಾರೆ. ಸುಮಾ "ದಿನಾ ಕೇಳಿ ಕೇಳಿ ಸಾಕಾಯಿತು" ಎಂದದ್ದು ಅವ್ವನ ಕೋಣೆ ತಲುಪುವ ಹೊತ್ತಿಗೆ "ಅವಳಿಗೆ ಇಂದು ತಲೆನೋವು" ಎಂದಾಗಿರುತ್ತದೆ. ನನಗೆ ನಗು ಬಂತು, ಹೊಟ್ಟೆಯೂ ಚುರ್ ಎಂದಿತು. ಈ ಮನುಷ್ಯ ಹಗಲು ಒಂದು ಧಾರಾವಾಹಿಗೆ ಬರೆದು, ರಾತ್ರಿ ಸಂಬಳವಿಲ್ಲದೆ ಇನ್ನೊಂದಕ್ಕೆ ಬರೆಯುತ್ತಿದ್ದರು. ಅದಕ್ಕಂತೂ ದಾಸ್ತಾನೆಂಬುದೇ ಇರಲಿಲ್ಲ.

ಮೂರನೆಯ ಭೇಟಿಗೆ ಮೂವರನ್ನೂ ಕರೆಸಿದೆ. ಬಫರ್ ಎಂಬ ಮಾತು ಬಂದದ್ದೇ ತಡ, ಸುಮಾ ಪಾಠಕ್ಕೆ ಇಳಿದರು. ಎರಡು ಲೋಟ, ಒಂದರಲ್ಲಿ ಬರಿ ನೀರು, ಇನ್ನೊಂದರಲ್ಲಿ ಅಸಿಟಿಕ್ ಆಮ್ಲ ಮತ್ತು ಸೋಡಿಯಂ ಅಸಿಟೇಟ್ ಬೆರೆಸಿದ ಬಫರ್ ದ್ರಾವಣ. ಆಮ್ಲ ಹೆಚ್ಚಿದರೆ ಬಣ್ಣ ಬದಲಿಸುವ ಮಿಥೈಲ್ ಆರೆಂಜ್ ಎರಡಕ್ಕೂ ಹಾಕಿದರೆ ಹಳದಿ ಬಣ್ಣ. ಹೈಡ್ರೋಕ್ಲೋರಿಕ್ ಆಮ್ಲದ ಒಂದೆರಡು ಹನಿಗೇ ನೀರು ಕೆಂಪಾಗುತ್ತದೆ. ಬಫರ್ ಮಾತ್ರ ಹನಿ ಹನಿ ನುಂಗಿಕೊಂಡು ಹಳದಿಯಾಗಿಯೇ ಇರುತ್ತದೆ. "ಆಮ್ಲ ಹಾಕಿದ್ದು ಎಲ್ಲಿ ಹೋಯಿತು ಎಂದು ಮಕ್ಕಳು ಪ್ರತಿವರ್ಷ ಕೇಳುತ್ತಾರೆ. ಎಲ್ಲಿಗೂ ಹೋಗಿರುವುದಿಲ್ಲ. ಒಳಗಿನ ಅಸಿಟೇಟ್ ಖರ್ಚಾಗುತ್ತಾ ಇರುತ್ತದೆ. ಬಣ್ಣ ಕಿತ್ತಳೆಗೆ ತಿರುಗುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ" ಎಂದವರು ಅಲ್ಲಿಗೇ ನಿಲ್ಲಿಸಿ ಗಂಡನ ಮುಖ ನೋಡಿದರು. ನಾನು ಏನೂ ಹೇಳಬೇಕಾಗಲಿಲ್ಲ.

ಬೆರಳು ಜುಮ್ಮೆನ್ನುವುದರ ಗುಟ್ಟೂ ಅವರಿಗೆ ಬೇಗ ಅರ್ಥವಾಯಿತು. ಗಾಬರಿಯಲ್ಲಿ ಮಾಧವ ಏದುಸಿರು ಬಿಡುತ್ತಾರೆ. ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗುತ್ತದೆ. ಸಾಮಾನ್ಯವಾಗಿ 7.35ರಿಂದ 7.45ರ ಒಳಗಿರುವ ರಕ್ತದ ಪಿಎಚ್ (ಆಮ್ಲೀಯತೆ ಕಡಿಮೆಯಾದಷ್ಟೂ ಏರುವ ಅಳತೆ) ಅದರಿಂದ ಮೇಲೇರುತ್ತದೆ, ಜುಮ್ಮೆನ್ನುವುದು ಆಗಲೇ. ಮೂಗಿನಿಂದ ಉಸಿರೆಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡುವುದನ್ನು ಕಲಿಸಿಕೊಟ್ಟೆ.

ಅಷ್ಟು ಹೊತ್ತು ಸುಮ್ಮನಿದ್ದ ತಾಯಿ ಆಗ ಬಾಯಿಬಿಟ್ಟರು. (ಅವರ ಗದಗದ ಮಾತನ್ನು ಬರಹಕ್ಕೆ ಇಳಿಸುವಾಗ ಅರ್ಧ ಸೊಗಸು ಹೋಯಿತು.) "ನಮ್ಮ ಮನೆಯಲ್ಲಿ ಹಗೇವು ಇತ್ತು. ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದೆವು. ಬರಗಾಲಕ್ಕೆ ಅದೇ ದಿಕ್ಕು. ಆದರೆ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದೆವು. ದೀಪ ಆರಿದರೆ ಮನುಷ್ಯನೂ ಆರುತ್ತಾನೆ. ಇವನು ನಮ್ಮಿಬ್ಬರ ಮಾತನ್ನು ಎಷ್ಟು ದಿನದಿಂದ ಹೀಗೆ ಮುಚ್ಚಿಟ್ಟುಕೊಂಡಿದ್ದಾನೋ." ಆಮೇಲೆ ಸೊಸೆಯ ಕಡೆ ತಿರುಗಿ, "ನನ್ನ ಬಾಯಿರುಚಿ ಕೆಟ್ಟಿಲ್ಲ ಸುಮಾ. ಉಪ್ಪೇ ಕಡಿಮೆ ಇತ್ತು" ಎಂದರು.

"ಗೊತ್ತು ಅತ್ತೆ. ಇವರು ಉಪ್ಪಿನಕಾಯಿ ಕೇಳಿದಾಗಲೇ ಗೊತ್ತಾಗುತ್ತಿತ್ತು" ಎಂದರು ಸುಮಾ.

ಅಂದು ನಾನು ಕೊಟ್ಟ ಸಲಹೆಯಲ್ಲಿ ದೊಡ್ಡದು ಒಂದೇ. ಮಾತು ಹೊರುವ ಕೆಲಸಕ್ಕೆ ಮಾಧವ ರಾಜೀನಾಮೆ ಕೊಡಬೇಕು. ಯಾರು ಏನು ಒಪ್ಪಿಸಿದರೂ "ಅದನ್ನು ನೀವೇ ಹೇಳಿ" ಎಂಬ ಮೂರು ಪದದ ಸಂಭಾಷಣೆ ಸಾಕು. ಮೊದಲ ಜಗಳ ಜೋರಾಗಿಯೇ ಆಗುತ್ತದೆ, ಆಗ ಮಹಡಿಗೆ ಹೋಗಿ ಒಣಗಿದ ಬಟ್ಟೆ ಮಡಚಿ ಎಂದೆ. ಹೆಂಗಸರಿಬ್ಬರೂ ಜೋರಾಗಿ ನಕ್ಕರು. ಮಾಧವ ನಗಲಿಲ್ಲ. ಮಧ್ಯೆ ನಿಲ್ಲುವುದೇ ತಮ್ಮ ಬೆಲೆ ಎಂದು ಅವರು ನಂಬಿದ್ದರು, ಅದನ್ನು ಕಳೆದುಕೊಳ್ಳುವುದು ಸುಲಭವಲ್ಲ. ಅದಕ್ಕಾಗಿ ಇನ್ನೂ ಎರಡು ಬಾರಿ ಕೂರಬೇಕಾಯಿತು.

ಬರವಣಿಗೆಯ ವಿಷಯದಲ್ಲಿ ನನ್ನ ಹಳೆಯ ಸಲಹೆಯನ್ನು ಹಿಂತೆಗೆದುಕೊಂಡೆ. ಪೂರ್ತಿ ಸಂಚಿಕೆ ಬೇಡ. ಬೆಳಿಗ್ಗೆ ಅರ್ಧ ಗಂಟೆ, ಒಂದು ನೋಟ್‌ಬುಕ್, ಯಾವ ಕಥೆಗೂ ಹೊಂದುವ ತುಣುಕುಗಳು: ದೇವಸ್ಥಾನದ ಮೆಟ್ಟಿಲ ಮೇಲೆ ಇಬ್ಬರ ಮಾತು, ಗ್ಯಾಸ್ ಸಿಲಿಂಡರ್ ಮುಗಿದಾಗಿನ ಪೇಚಾಟ. ಅದು ಎಷ್ಟಿದೆ ಎಂದು ತಂಡಕ್ಕೆ ಹೇಳುವುದು ಬೇಡ. "ಇದು ಮೋಸವಲ್ಲವೇ ಮೇಡಂ?" ಎಂದು ಕೇಳಿದರು. ಅವ್ವ ಸಾಸಿವೆ ಡಬ್ಬಿಯಲ್ಲಿ ದುಡ್ಡಿಡುತ್ತಿದ್ದದ್ದು ನಿಮ್ಮ ಅಪ್ಪನಿಗೆ ಗೊತ್ತಿರಲಿಲ್ಲವೇ ಎಂದೆ. ಗೊತ್ತಿತ್ತಂತೆ, ಎಷ್ಟಿದೆ ಎಂದು ಮಾತ್ರ ಎಂದೂ ಕೇಳಲಿಲ್ಲವಂತೆ. ಚಿತ್ರೀಕರಣವಾದ ಸಂಚಿಕೆಗಳ ಲೆಕ್ಕ ಹೇಗೂ ಎಲ್ಲರಿಗೂ ಕಾಣುವಂಥದ್ದು. ಅಲ್ಲಿ ನಾಲ್ಕಕ್ಕಿಂತ ಕಡಿಮೆ ಉಳಿದಿದ್ದರೆ ಮಹಾಸಂಚಿಕೆಗೆ ಒಪ್ಪುವುದಿಲ್ಲ ಎಂದು ನಿರ್ಮಾಪಕರಿಗೆ ನೇರವಾಗಿ ಹೇಳಲು ತಯಾರಿ ಮಾಡಿಸಿದೆ. ಎರಡು ಸಲ ನಾನೇ ನಿರ್ಮಾಪಕಿಯಾಗಿ ನಟಿಸಿದೆ. ನಟನೆ ಕೆಟ್ಟದಾಗಿತ್ತು ಎಂದರು.

ಹೊರಡುವಾಗ ಸುಮಾ ಒಂದು ಮಾತು ತೆಗೆದರು. ರಾತ್ರಿ ಗಂಡ ಮನೆಯ ಕೆಳಗೆ ಸ್ಕೂಟರ್ ನಿಲ್ಲಿಸಿ ಅದರ ಮೇಲೆಯೇ ಕುಳಿತಿರುವುದನ್ನು ಬಾಲ್ಕನಿಯಿಂದ ನೋಡುತ್ತಿದ್ದರಂತೆ. "ಮನೆಗೆ ಬರಲು ಇವರಿಗೆ ಮನಸ್ಸಿಲ್ಲ ಎಂದುಕೊಂಡಿದ್ದೆ." ಮಾಧವ ತಲೆ ತಗ್ಗಿಸಿದರು. ತಪ್ಪು ಎಂದು ತಿಳಿದೂ ಬಿಡಲಾಗಿರಲಿಲ್ಲವಂತೆ. ಬಿಡಬೇಡಿ ಎಂದೆ. ಹಳೆಯ ಮನೆಗಳಿಗೆ ಜಗಲಿ ಇತ್ತು. ಹೊಲದಿಂದ ಬಂದವರು ಅಲ್ಲಿ ಟವೆಲ್ ಕೊಡವಿ, ನೀರು ಕುಡಿದು, ಸ್ವಲ್ಪ ಹೊತ್ತು ಕುಳಿತು ಒಳಗೆ ಹೋಗುತ್ತಿದ್ದರು. ಮೂರನೆಯ ಮಹಡಿಯ ಫ್ಲ್ಯಾಟಿಗೆ ಜಗಲಿ ಎಲ್ಲಿಂದ ಬರಬೇಕು?

ನಾಲ್ಕು ತಿಂಗಳಾಯಿತು. ಎದೆಬಿಗಿತ ಪೂರ್ತಿ ಹೋಗಿಲ್ಲ, ಅಪರೂಪವಾಗಿದೆ. ತಂಡದ ಕೈಯಲ್ಲಿ ಐದು ಸಂಚಿಕೆಗಳಿವೆ. ಜೋಳದ ಹಿಟ್ಟಿನ ವಿಷಯಕ್ಕೆ ಅತ್ತೆ-ಸೊಸೆ ನಾಲ್ಕು ದಿನ ಮಾತು ಬಿಟ್ಟಿದ್ದರು, ಐದನೆಯ ದಿನ ತಾವಾಗಿಯೇ ಆಡಿದರು. ಕೊನೆಯ ಭೇಟಿಗೆ ಮಾಧವ ಹತ್ತು ನಿಮಿಷ ತಡವಾಗಿ ಒಳಗೆ ಬಂದರು. ಟ್ರಾಫಿಕ್ಕೇ ಎಂದು ಕೇಳಿದೆ. ಅಲ್ಲ, ಕೆಳಗೆ ಸ್ಕೂಟರಿನ ಮೇಲೆ ಕುಳಿತಿದ್ದೆ ಎಂದರು.