ಇನ್ನೊಂದು ಸಕ್ಕರ್ ತರಬೇಡಿ, ಮೊದಲು ಫಿಲ್ಟರನ್ನು ನಲ್ಲಿ ಕೆಳಗೆ ಹಿಡಿಯೋದು ನಿಲ್ಲಿಸಿ

ಮೀನಿನ ಟ್ಯಾಂಕಿನಲ್ಲಿ ಪಾಚಿ ತಿನ್ನುವ ಸಕ್ಕರ್ ಮೀನು ಇದ್ದರೂ, ಅದಕ್ಕೆ ಬೇರೆ ಊಟ ಹಾಕದೆ ಇಟ್ಟರೂ ಗಾಜಿನ ಮೇಲೆ ಪಾಚಿ, ವಾರ ವಾರ ನಲ್ಲಿ ನೀರಲ್ಲಿ ತೊಳೆದರೂ ಫಿಲ್ಟರ್ ಕಟ್ಟಿಕೊಳ್ಳುತ್ತಿದೆ, ಇನ್ನೊಂದು ಸಕ್ಕರ್ ತರಲಾ ಅಂತ ಕೇಳಿದ್ದೀರಿ. ತರಬೇಡಿ. ನಾನು ತಂದಿದ್ದೆ.

ನಮ್ಮದು ಎರಡು ಅಡಿ ಟ್ಯಾಂಕ್. ಮಾಲಿ, ಟೆಟ್ರಾ ಅನ್ನುವ ಚಿಕ್ಕ ಮೀನುಗಳಿದ್ದವು. ಅಂಗಡಿಯವರು "ಇದೊಂದು ಹಾಕಿಬಿಡಿ ಸರ್, ಟ್ಯಾಂಕ್ ತಾನೇ ಕ್ಲೀನ್ ಆಗುತ್ತೆ" ಅಂತ ಬೆರಳುದ್ದದ ಸಕ್ಕರ್ ಕೊಟ್ಟರು. ಶುರುವಿನಲ್ಲಿ ಗಾಜೆಲ್ಲ ಫಳಫಳ. ಅದು ಬೆಳೆದ ಹಾಗೆ ಪಾಚಿ ಕಡೆ ನೋಡುವುದೇ ಕಡಿಮೆಯಾಯಿತು, ಉದ್ದುದ್ದ ದಾರದಂಥ ಹಿಕ್ಕೆ ಮಾತ್ರ ಟ್ಯಾಂಕ್ ತುಂಬಾ. ಸೋಮಾರಿ ಮೀನು ಅಂದುಕೊಂಡು ಇನ್ನೊಂದು ಚಿಕ್ಕದನ್ನು ತಂದು ಬಿಟ್ಟೆ. ಫಿಲ್ಟರ್ ಮೊದಲಿಗಿಂತ ಬೇಗ ಕಟ್ಟಿಕೊಳ್ಳತೊಡಗಿತು. ಕಟ್ಟದೆ ಏನು? ಫಿಲ್ಟರಿಗೆ ಹೋಗುವ ಹೊಲಸಿನಲ್ಲಿ ದೊಡ್ಡ ಪಾಲು ಸಕ್ಕರಿನದೇ. ಬೇರೆ ಮೀನಿನ ಹಿಕ್ಕೆ ತಿಂದು ಟ್ಯಾಂಕ್ ಸ್ವಚ್ಛ ಇಡುತ್ತದೆ ಅನ್ನುವುದು ಬರೀ ಸುಳ್ಳು. ಅದು ಹಿಕ್ಕೆ ತಿನ್ನುವುದಿಲ್ಲ, ಹಾಕುತ್ತದೆ.

ಈಗ ಫಿಲ್ಟರಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ವಾರ ವಾರ ಮಾಡುತ್ತಿರುವುದು ಇದನ್ನೇ.

ಮೊದಲು ನಾವು ಬೋರ್‌ವೆಲ್ ನೀರಿನ ಮನೆಯಲ್ಲಿದ್ದೆವು. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು, ತಿಳಿ ನೀರು ಬರುವವರೆಗೂ ಹಿಂಡುತ್ತಿದ್ದೆ. ಮೀನಿಗೆ ಏನೂ ಆಗುತ್ತಿರಲಿಲ್ಲ. ಆಮೇಲೆ ಬೆಂಗಳೂರಿನ ಒಳಗೆ ಕಾವೇರಿ ನೀರು ಬರುವ ಮನೆಗೆ ಬಂದೆವು. ಅದೇ ಸ್ಪಂಜು, ಅದೇ ಕೈ, ಅದೇ ಅಭ್ಯಾಸ. ಬದಲಾಗಿದ್ದು ನೀರು. ಕೊಳಾಯಿಯಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದನ್ನು ಹಾಕುವುದೇ ಬ್ಯಾಕ್ಟೀರಿಯಾ ಸಾಯಲಿ ಅಂತ. ನಮಗೆ ಕುಡಿಯಲು ಅದು ಬೇಕೇ ಬೇಕು. ಆದರೆ ಟ್ಯಾಂಕಿನ ಮೀನು ಬದುಕಿರುವುದೇ ಆ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾದಿಂದ.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ಕೊಳೆಯುವ ಆಹಾರದಿಂದಲೂ ಅದೇ ಬರುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದನ್ನು ಮೀನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತದೆ, ನೀವು ನೀರು ಬದಲಿಸಿದಾಗ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡುವುದು ಕಡಿಮೆ. ಹೆಚ್ಚಿನವು ಸ್ಪಂಜು, ಫಿಲ್ಟರಿನೊಳಗಿನ ಸೆರಾಮಿಕ್ ರಿಂಗ್, ಟ್ಯಾಂಕಿನ ತಳದ ಜಲ್ಲಿಕಲ್ಲಿನ ಮೇಲೆ ಅಂಟಿಕೊಂಡಿರುತ್ತವೆ. ಸ್ಪಂಜಿನ ಮೇಲಿನ ಕಂದು ಲೋಳೆ ಕಂಡರೆ ನಮಗೆ ಅಸಹ್ಯ ಆಗುತ್ತದೆ ಅಲ್ವಾ, ಅವು ಇರುವುದು ಅದರಲ್ಲೇ. ಅದನ್ನು ಕ್ಲೋರಿನ್ ನೀರಲ್ಲಿ ತಿಕ್ಕಿ ತೊಳೆದರೆ ಮತ್ತೆ ಬೆಳೆಯಲು ವಾರಗಟ್ಟಲೆ ಬೇಕು. ಮೀನು ಅಲ್ಲಿಯವರೆಗೆ ಅಮೋನಿಯಾ ಬಿಡುವುದನ್ನು ನಿಲ್ಲಿಸುವುದಿಲ್ಲ.

ನಾನು ಸ್ಪಂಜಿಗೇ ನಿಲ್ಲಿಸಿದ್ದರೂ ಒಂದಷ್ಟು ಉಳಿಯುತ್ತಿತ್ತೇನೋ. ನೆಂಟರು ಬರುವವರಿದ್ದರು, ಟ್ಯಾಂಕ್ ಚೆನ್ನಾಗಿ ಕಾಣಲಿ ಅಂತ ಅದೇ ದಿನ ರಿಂಗ್ ತೊಳೆದೆ, ಫಿಲ್ಟರಿನ ಬಿಳಿ ಹತ್ತಿ ಬದಲಿಸಿದೆ, ಜಲ್ಲಿ ತೆಗೆದು ಬಕೆಟ್ಟಲ್ಲಿ ಉಜ್ಜಿದೆ. ಹೊಸ ಸಕ್ಕರಿನ ಹೊಟ್ಟೆ ಒಳಗೆ ಹೋಗಿತ್ತೆಂದು ದಪ್ಪ ಸೌತೆಕಾಯಿ ಹೋಳು ಹಾಕಿ, ತಿಂದುಕೊಳ್ಳಲಿ ಅಂತ ತೆಗೆಯದೇ ಬಿಟ್ಟೆ. ಅದು ಕರಗಿ ಲೋಳೆಯಾಯಿತು. ಒಂದು ಕಡೆ ಅಮೋನಿಯಾ ಹೆಚ್ಚಿಸುವ ತರಕಾರಿ, ಇನ್ನೊಂದು ಕಡೆ ಅದನ್ನು ಕರಗಿಸುವ ಬ್ಯಾಕ್ಟೀರಿಯಾನೇ ಇಲ್ಲ. ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಟೆಟ್ರಾಗಳು ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಟ್ಟವು. ಅವು ಹೋದವು, ಆಮೇಲೆ ಮಾಲಿ. ಸಕ್ಕರ್ ಮೇಲಿನ ಗಾಳಿ ನುಂಗಿಯೂ ಉಸಿರಾಡಬಲ್ಲದು, ಅದಕ್ಕೇ ಏನೋ ದೊಡ್ಡದು ಕೊನೆಯವರೆಗೆ ಒದ್ದಾಡಿತು. ಅದೂ ಉಳಿಯಲಿಲ್ಲ. ಅಮೋನಿಯಾ ಟೆಸ್ಟ್ ಕಿಟ್ ಮನೆಗೆ ಬಂದದ್ದು ಇದೆಲ್ಲ ಮುಗಿದ ಮೇಲೆ. ಅದಿಲ್ಲದೆ ಮೀನು ಸಾಕಲೇಬಾರದು ಅಂತ ಈಗ ಗಟ್ಟಿಯಾಗಿ ಹೇಳುತ್ತೇನೆ.

ಹಾಗಾಗಿ ಫಿಲ್ಟರನ್ನು ಹೀಗೆ ತೊಳೆಯಿರಿ. ನೀರು ಬದಲಿಸುವ ದಿನ ಟ್ಯಾಂಕಿನಿಂದ ತೆಗೆದ ನೀರನ್ನು ಬಕೆಟ್ಟಿನಲ್ಲಿ ಇಟ್ಟುಕೊಳ್ಳಿ, ಸ್ಪಂಜನ್ನು ಅದರಲ್ಲೇ ನಾಲ್ಕು ಸಲ ಹಿಂಡಿ, ಸಾಕು. ನೀರು ಸರಾಗವಾಗಿ ಹರಿದರೆ ಆಯಿತು, ಸ್ಪಂಜು ಹೊಸದರಂತೆ ಕಾಣಬೇಕಿಲ್ಲ. ಸ್ಪಂಜು ತೊಳೆದ ದಿನ ರಿಂಗ್ ಮುಟ್ಟಬೇಡಿ, ಜಲ್ಲಿಯನ್ನೂ ಮುಟ್ಟಬೇಡಿ. ವಾರದ ಲೆಕ್ಕ ಹಿಡಿಯಬೇಡಿ, ಹರಿವು ಕಡಿಮೆಯಾದಾಗ ತೊಳೆಯಿರಿ. ಮೋಟರಿನ ಒಳಗೆ ತಿರುಗುವ ಫ್ಯಾನನ್ನು ಮಾತ್ರ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ. ಬಹಳ ಸಲ ಸ್ಪಂಜು ಸರಿಯಿದ್ದು, ಲೋಳೆ ಅಲ್ಲೇ ಸುತ್ತಿಕೊಂಡಿರುತ್ತದೆ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ಹಾಕದೆ ಟ್ಯಾಂಕಿಗೆ ಸುರಿಯಬೇಡಿ.

ಊಟದ ವಿಷಯದಲ್ಲಿ ನಿಮ್ಮ ಲೆಕ್ಕವೇ ತಪ್ಪು ಅನ್ನಿಸುತ್ತದೆ. ಪಾಚಿ ತಿನ್ನಲಿ ಅಂತ ಸಕ್ಕರನ್ನು ಹಸಿವಿನಲ್ಲಿ ಇಟ್ಟಿದ್ದೀರಿ. ಗಾಜಿನ ಮೇಲಿನ ಪಾಚಿ ಅದರ ಹೊಟ್ಟೆಗೆ ಸಾಲದು. ಹಸಿದ ಸಕ್ಕರ್ ರಾತ್ರಿ ಹೊತ್ತು ಗೋಲ್ಡ್‌ಫಿಶ್, ಏಂಜೆಲ್ ಮೀನುಗಳ ಮೈಗೆ ಅಂಟಿಕೊಂಡು ಮೈಮೇಲಿನ ಲೋಳೆ ಹೀರುವುದುಂಟು. ಲೈಟ್ ಆರಿಸಿದ ಮೇಲೆ ಮುಳುಗುವ ಆಲ್ಗೆ ವೇಫರ್ (ಪಾಚಿ ತಿನ್ನುವ ಮೀನಿನ ಬಿಲ್ಲೆ ಆಹಾರ) ಒಂದು ಹಾಕಿ, ಅದು ತಿನ್ನುವುದು ಕತ್ತಲಲ್ಲಿ. ವಾರಕ್ಕೆ ಒಂದೆರಡು ಸಲ ಸಿಪ್ಪೆ ತೆಗೆದ ಹೀರೇಕಾಯಿ, ಇಲ್ಲಾ ಬಿಸಿನೀರಲ್ಲಿ ಅದ್ದಿದ ಪಾಲಕ್. ತೇಲದಂತೆ ಸ್ಟೀಲ್ ಫೋರ್ಕಿಗೆ ಚುಚ್ಚಿ ಬಿಡಿ. ಸೌತೆಕಾಯಿ ಬಹುಪಾಲು ನೀರೇ, ಅದನ್ನೇ ನಂಬಬೇಡಿ. ಬೆಳಿಗ್ಗೆ ಎದ್ದವರೇ ಮಿಕ್ಕದ್ದನ್ನು ತೆಗೆದುಬಿಡಿ, ಇದರಲ್ಲಿ ಮಾತ್ರ ಸೋಮಾರಿತನ ಬೇಡ.

ಪಾಚಿಗೆ ಮದ್ದು ಮೀನಿನಲ್ಲಿ ಹುಡುಕಬೇಡಿ, ಬೆಳಕಿನಲ್ಲಿ ಹುಡುಕಿ. ಕಿಟಕಿ ಬಿಸಿಲು ಬೀಳುತ್ತಿದ್ದರೆ ಪರದೆ ಹಾಕಿ, ಲೈಟ್ ದಿನಕ್ಕೆ 6ರಿಂದ 8 ಗಂಟೆ ಸಾಕು. ಗಾಜನ್ನು ಹಳೆಯ ಎಟಿಎಂ ಕಾರ್ಡಿನಿಂದ ಕೆರೆದರೆ ಐದು ನಿಮಿಷದ ಕೆಲಸ.

ಟ್ಯಾಂಕ್ ಎಷ್ಟು ದೊಡ್ಡದು ಅಂತ ನೀವು ಬರೆದಿಲ್ಲ. ಅಂಗಡಿಯ ಸಾಮಾನ್ಯ ಸಕ್ಕರ್ ಒಂದು ಅಡಿಗಿಂತ ಉದ್ದ ಬೆಳೆಯುತ್ತದೆ. ನಮ್ಮದರಂತೆ ಎರಡು ಅಡಿಯದಾದರೆ ಅದನ್ನು ಅಂಗಡಿಗೇ ವಾಪಸ್ ಕೊಟ್ಟು ಬ್ರಿಸಲ್‌ನೋಸ್ ಅನ್ನುವ ಚಿಕ್ಕ ಜಾತಿಯ ಸಕ್ಕರ್ ಕೇಳಿ. ಅದು ಗೇಣುದ್ದಕ್ಕೂ ಕಡಿಮೆಯಲ್ಲಿ ನಿಲ್ಲುತ್ತದೆ, ಕೆರೆದು ತಿನ್ನಲು ಟ್ಯಾಂಕಿನಲ್ಲಿ ಒಂದು ಮರದ ತುಂಡು ಇಟ್ಟುಕೊಡಿ. ಅಂಗಡಿಯವರು ತೆಗೆದುಕೊಳ್ಳದಿದ್ದರೆ ದೊಡ್ಡ ಟ್ಯಾಂಕ್ ಇರುವವರನ್ನು ಹುಡುಕಿ ಕೊಡಿ. ಪಾಪ ಅಂತ ಕೆರೆಗೆ ಮಾತ್ರ ಬಿಡಬೇಡಿ. ದಕ್ಷಿಣ ಅಮೆರಿಕದ ಈ ಮೀನು ಆಂಧ್ರ, ತೆಲಂಗಾಣ, ಕೇರಳದ ಕೆರೆ-ನದಿಗಳಲ್ಲಿ ಈಗಾಗಲೇ ನೆಲೆಯೂರಿದೆ. ಗಟ್ಟಿ ಮುಳ್ಳಿನ ರೆಕ್ಕೆಯಿಂದ ಮೀನುಗಾರರ ಬಲೆ ಹರಿಯುತ್ತಿದೆ, ದಡದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತಿದೆ.