ಸಟೈವಾ, ಸಟೈವಸ್, ಸಟೈವಮ್: ಯಾವುದು ಎಲ್ಲಿ?

ಪ್ರಶ್ನೆ: ವೈಜ್ಞಾನಿಕ ಹೆಸರಿನಲ್ಲಿ ಭತ್ತ ಒರೈಜಾ ಸಟೈವಾ, ಸೌತೆ ಕುಕುಮಿಸ್ ಸಟೈವಸ್, ಬೆಳ್ಳುಳ್ಳಿ ಆಲಿಯಮ್ ಸಟೈವಮ್. ಇವು ಮೂರು ಬೇರೆ ಪದಗಳೇ? ಯಾವುದನ್ನು ಎಲ್ಲಿ ಬರೆಯಬೇಕೆಂದು ತಿಳಿಯುವುದು ಹೇಗೆ?

ಉತ್ತರ: ಪದ ಒಂದೇ. ಲ್ಯಾಟಿನ್ನಿನಲ್ಲಿ ‘ಸೆರೆರೆ’ ಎಂದರೆ ಬಿತ್ತುವುದು, ‘ಸತುಸ್’ ಎಂದರೆ ಬಿತ್ತಿದ್ದು. ಅದಕ್ಕೆ ‘ಈವುಸ್’ ಪ್ರತ್ಯಯ ಹತ್ತಿ ‘ಸತೀವುಸ್’ ಆಯಿತು: ತಾನಾಗಿ ಹುಟ್ಟಿದ್ದಲ್ಲ, ಬಿತ್ತಿ ಬೆಳೆದದ್ದು. ‘ಸಟೈವಸ್’ ಎಂಬ ಉಚ್ಚಾರ ನಮಗೆ ಇಂಗ್ಲಿಷ್ ಮೂಲಕ ಬಂತು. ನಾವು ದಿನಾ ಹೇಳುವ ‘ಸೀಸನ್’ ಕೂಡ ಇದೇ ಬೇರಿನದು. ಬಿತ್ತನೆ ಎಂಬರ್ಥದ ‘ಸತಿಯೊ’ ಫ್ರೆಂಚಿಗೆ ಹೋಗಿ ಋತುವಾಯಿತು. ಸಸ್ಯನಾಮದಲ್ಲಿ ಈ ಪದಕ್ಕೆ ‘ಕೃಷಿ ಬೆಳೆ’ ಎಂದಷ್ಟೇ ಅರ್ಥ. ಬೀಜವನ್ನೇ ಕಟ್ಟದ, ಗಡ್ಡೆಯಿಂದ ಬೆಳೆಸುವ ಕೇಸರಿಯೂ ಕ್ರೋಕಸ್ ಸಟೈವಸ್!

ಪದದ ಕೊನೆ ಬದಲಾಗುವುದು ಲಿಂಗದಿಂದ. ಕನ್ನಡದ ‘ಹೊಸ’ ಯಾವ ನಾಮಪದದ ಮುಂದೆ ಬಂದರೂ ಹೊಸವೇ. ಸಂಸ್ಕೃತದಲ್ಲಿ ನವಃ, ನವಾ, ನವಮ್. ಅದರ ದಾಯಾದಿ ಲ್ಯಾಟಿನ್ನಿನಲ್ಲಿ ನೊವುಸ್, ನೊವಾ, ನೊವುಮ್. ಸಸ್ಯನಾಮಕರಣದ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಗುಣವಾಚಕವು ಕುಲನಾಮದ, ಅಂದರೆ ಹೆಸರಿನ ಮೊದಲ ಪದದ, ಲಿಂಗವನ್ನು ಅನುಸರಿಸಲೇಬೇಕು. ಒರೈಜಾ ಸ್ತ್ರೀಲಿಂಗ, ಕುಕುಮಿಸ್ ಪುಲ್ಲಿಂಗ, ಆಲಿಯಮ್ ನಪುಂಸಕ.

ಪ್ರಾಸ ನೋಡಿ ಬರೆಯಲು ಹೋದರೆ ಎಡವುತ್ತೀರಿ. ಕುಕುಮಿಸ್‌ನಂತೆಯೇ ‘ಇಸ್’ನಲ್ಲಿ ಮುಗಿಯುವ ಕ್ಯಾನಬಿಸ್ ಸ್ತ್ರೀಲಿಂಗ, ಹಾಗಾಗಿ ಗಾಂಜಾ ಕ್ಯಾನಬಿಸ್ ಸಟೈವಾ. ಅರಳಿ ಫೈಕಸ್ ರಿಲಿಜಿಯೋಸಾ, ‘ರಿಲಿಜಿಯೋಸಸ್’ ಅಲ್ಲ. ಲ್ಯಾಟಿನ್ನಿನಲ್ಲಿ ಮರದ ಹೆಸರುಗಳು ‘ಉಸ್’ನಲ್ಲಿ ಮುಗಿದರೂ ಸಾಮಾನ್ಯವಾಗಿ ಸ್ತ್ರೀಲಿಂಗ. ಹುರುಳಿಯದು ಇನ್ನೂ ಸ್ವಾರಸ್ಯ. ಡಾಲಿಕಸ್ ಕುಲದಲ್ಲಿದ್ದಾಗ ಅದು ಯುನಿಫ್ಲೋರಸ್. ಮ್ಯಾಕ್ರೊಟೈಲೋಮಾ ಕುಲಕ್ಕೆ ಸೇರಿಸಿದ ಮೇಲೆ ಯುನಿಫ್ಲೋರಮ್. ‘ಆ’ ಕೊನೆ ಕಂಡು ಸ್ತ್ರೀಲಿಂಗವೆಂದುಕೊಳ್ಳಬೇಡಿ, ಗ್ರೀಕಿನ ‘ಮಾ’ ಅಂತ್ಯದ ಇಂಥ ಪದಗಳು ನಪುಂಸಕ.

ಎಲ್ಲ ಗುಣವಾಚಕಕ್ಕೂ ಮೂರು ರೂಪ ಇರುವುದಿಲ್ಲ. ‘ವಲ್ಗ್ಯಾರಿಸ್’ ಪುಲ್ಲಿಂಗ, ಸ್ತ್ರೀಲಿಂಗ ಎರಡಕ್ಕೂ ಸಲ್ಲುತ್ತದೆ: ಬೀನ್ಸ್ ಫೇಸಿಯೋಲಸ್ ವಲ್ಗ್ಯಾರಿಸ್, ಬೀಟ್‌ರೂಟ್ ಬೀಟಾ ವಲ್ಗ್ಯಾರಿಸ್. ನಪುಂಸಕಕ್ಕೆ ಮಾತ್ರ ‘ವಲ್ಗೇರ್’, ಜವೆಗೋಧಿಯ ಹಾರ್ಡಿಯಮ್ ವಲ್ಗೇರ್‌ನಂತೆ.

ಹಾಗಾದರೆ ಈರುಳ್ಳಿ ಆಲಿಯಮ್ ‘ಸೀಪಮ್’ ಏಕಲ್ಲ, ಸೀಪಾ ಏಕೆ? ಸೀಪಾ ಗುಣವಾಚಕವೇ ಅಲ್ಲ, ಈರುಳ್ಳಿಗೆ ರೋಮನರಿಟ್ಟ ಹೆಸರು. ನಾಮಪದ ಯಾವ ಕುಲಕ್ಕೆ ಹೋದರೂ ತನ್ನ ರೂಪ ಬಿಡದು. ಆದ್ದರಿಂದ ಎರಡನೆಯ ಪದ ಗುಣವಾಚಕವೋ ನಾಮಪದವೋ ಎಂದು ಮೊದಲು ನೋಡಿ. ಗುಣವಾಚಕವಾದರೆ ಮಾತ್ರ ಕುಲನಾಮದ ಲಿಂಗ ಹುಡುಕಿ.