ಹತ್ತು ವರ್ಷದ ಮಾತ್ರೆ ಬಿಡಬೇಕು, ಯಾರ ಹತ್ತಿರ ಹೋಗಲಿ?

ಪ್ರಶ್ನೆ: ನನಗೆ 44 ವರ್ಷ. ಹಾವೇರಿ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಹತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಡಿಪ್ರೆಶನ್ ಆಗಿತ್ತು. ಆಗ ವೈದ್ಯರು ಎಸ್ಸಿಟಲೋಪ್ರಾಮ್ 10 ಎಂ.ಜಿ. ಕೊಟ್ಟರು. ಆರಾಮಾದೆ, ಆದರೆ ಮಾತ್ರೆ ಹಾಗೇ ಮುಂದುವರಿಯಿತು. ಹಳೇ ಚೀಟಿ ತೋರಿಸಿದರೆ ಮೆಡಿಕಲ್‌ನಲ್ಲಿ ಕೊಡುತ್ತಾರೆ. ಎರಡು ಸಲ ನಾನೇ ಬಿಡಲು ನೋಡಿದೆ. ಮೊದಲ ಸಲ ಒಮ್ಮೆಲೇ ನಿಲ್ಲಿಸಿದೆ. ನಾಲ್ಕನೇ ದಿನಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಸುಮ್ನೆ ಅಳು. ಎರಡನೇ ಸಲ ದಿನ ಬಿಟ್ಟು ದಿನ ತೆಗೆದುಕೊಂಡೆ, ಅದೇ ಕಥೆ. ಒಬ್ಬ ವೈದ್ಯರು "ಬಿಪಿ ಮಾತ್ರೆ ಥರ ತಿಳ್ಕೊಳ್ಳಿ, ಜೀವನಪೂರ್ತಿ ಇರಲಿ" ಅಂದರು. ಇನ್ನೊಬ್ಬರು "ನಾಳೆಯಿಂದಲೇ ಬಿಡಿ, ಏನೂ ಆಗಲ್ಲ" ಅಂದರು. ನಾನು ಯಾರ ಮಾತು ಕೇಳಲಿ? ಬಿಡಿಸುವ ವೈದ್ಯರು ಅಂತ ಇರುತ್ತಾರಾ?

ಉತ್ತರ: ಮೇಡಂ, ಇಬ್ಬರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಒಬ್ಬರು ನಿಮ್ಮನ್ನು ಪರೀಕ್ಷಿಸದೆ 'ಬಿಡಬೇಡಿ' ಅಂದರು, ಇನ್ನೊಬ್ಬರು ಪರೀಕ್ಷಿಸದೆ 'ಬಿಡಿ' ಅಂದರು. ಬಿಡಿಸುವುದಕ್ಕೇ ಅಂತ ಬೇರೆ ವೈದ್ಯರಿಲ್ಲ, ಅದು ಮನೋವೈದ್ಯರ ಕೆಲಸವೇ. ಆದರೆ ಮಾತ್ರೆ ಶುರು ಮಾಡುವುದು ಐದು ನಿಮಿಷದ ಕೆಲಸ, ಬಿಡಿಸುವುದು ತಿಂಗಳುಗಟ್ಟಲೆ ಕೆಲಸ. ಒಪಿಡಿಯ ಹೊರಗೆ ಎಂಬತ್ತು ಜನ ಕಾದಿರುವಾಗ ನಾವು ಯಾವುದನ್ನು ಮಾಡುತ್ತೇವೆ ಹೇಳಿ? ನಾನೂ ಹಿಂದೆ "ಎರಡು ವಾರ ಅರ್ಧ, ಆಮೇಲೆ ಬಿಟ್ಟುಬಿಡಿ" ಅಂತ ಚೀಟಿ ಬರೆದುಕೊಟ್ಟಿದ್ದೇನೆ. ಈಗ ಬರೆಯುವುದಿಲ್ಲ.

ಮೊದಲು, ನಿಮಗೆ ಆಗಿದ್ದೇನು ನೋಡೋಣ. ಮಾತ್ರೆ ಬಿಟ್ಟ ನಾಲ್ಕನೇ ದಿನಕ್ಕೆ ತಲೆಸುತ್ತು, ಕರೆಂಟ್ ಹೊಡೆದ ಅನುಭವ. ಇವು ಹತ್ತು ವರ್ಷದ ಹಿಂದೆ ಡಿಪ್ರೆಶನ್ ಇದ್ದಾಗ ಇರಲಿಲ್ಲ ಅಲ್ವಾ? ಹಾಗಿದ್ದರೆ ಬಹುಮಟ್ಟಿಗೆ ಇದು ಕಾಯಿಲೆ ಮರಳಿದ್ದಲ್ಲ, ಔಷಧ ಒಮ್ಮೆಲೇ ನಿಂತಿದ್ದಕ್ಕೆ ಮೈ ತೋರಿಸಿದ ಪ್ರತಿಕ್ರಿಯೆ. ಸಾಮಾನ್ಯವಾಗಿ ಅದು ಕೆಲವು ದಿನಗಳಲ್ಲೇ ಶುರುವಾಗುತ್ತದೆ, ಮಾತ್ರೆ ಮತ್ತೆ ತೆಗೆದುಕೊಂಡರೆ ಬೇಗ ಇಳಿಯುತ್ತದೆ. ಕಾಯಿಲೆ ಮರಳುವುದು ಹೀಗಲ್ಲ. ವಾರಗಳು, ತಿಂಗಳುಗಳು ಕಳೆದ ಮೇಲೆ ನಿಧಾನವಾಗಿ, ಹಳೇ ದಾರಿಯಲ್ಲೇ ಬರುತ್ತದೆ: ನಸುಕಿಗೇ ಎಚ್ಚರ, ಯಾವುದರಲ್ಲೂ ಆಸೆ ಇಲ್ಲ, ಎಲ್ಲಕ್ಕೂ ನಾನೇ ಕಾರಣ ಅನ್ನುವ ಯೋಚನೆ. ಅಳು ಎರಡರಲ್ಲೂ ಇರುತ್ತದೆ, ಅದೊಂದನ್ನೇ ನೋಡಿ ತೀರ್ಮಾನಿಸಬೇಡಿ. ಈ ವ್ಯತ್ಯಾಸ ಗೊತ್ತಿಲ್ಲದೆ "ನೋಡಿ, ಮಾತ್ರೆ ಬಿಟ್ಟರೆ ನಿಮಗೆ ಆಗಲ್ಲ" ಅಂತ ವರ್ಷಗಟ್ಟಲೆ ಮಾತ್ರೆ ಮುಂದುವರಿದವರು ಬಹಳ ಜನ.

ದಿನ ಬಿಟ್ಟು ದಿನ ತೆಗೆದುಕೊಂಡಿದ್ದು ಯಾಕೆ ಫಲಿಸಲಿಲ್ಲ? ಎಸ್ಸಿಟಲೋಪ್ರಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಸಾಕು. ಎರಡು ದಿನಕ್ಕೊಮ್ಮೆ ತೆಗೆದುಕೊಂಡರೆ ಮುಂದಿನ ಮಾತ್ರೆಯ ಹೊತ್ತಿಗೆ ಉಳಿದಿರುವುದು ಮೂರರಲ್ಲಿ ಒಂದು ಪಾಲು. ನಿಮ್ಮ ಮಿದುಳಿಗೆ ಅದು ಇಳಿಸಿದ ಹಾಗಲ್ಲ, ಜೋಕಾಲಿಯಲ್ಲಿ ಕೂರಿಸಿದ ಹಾಗೆ. ಇದೇ ಕಾಯಿಲೆಗೆ ಕೊಡುವ ಪ್ಯಾರಾಕ್ಸಿಟಿನ್, ವೆನ್ಲಾಫ್ಯಾಕ್ಸಿನ್ ಇನ್ನೂ ಬೇಗ ಖಾಲಿಯಾಗುತ್ತವೆ, ಅದಕ್ಕೇ ಅವನ್ನು ಬಿಡುವುದು ಇನ್ನೂ ಕಷ್ಟ. ಫ್ಲೂಆಕ್ಸಿಟಿನ್ ಮಾತ್ರ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ.

ಇನ್ನು ಮುಖ್ಯ ವಿಷಯ. ಇದನ್ನು ನಿಮ್ಮ ವೈದ್ಯರ ಮುಂದೆಯೂ ಹೇಳಿ. 10ರಿಂದ 5ಕ್ಕೆ ಬಂದರೆ ಅರ್ಧ ದಾರಿ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. 2019ರಲ್ಲಿ ಲಂಡನ್‌ನ ಸಂಶೋಧಕರಾದ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಮಿದುಳಿನ ಸ್ಕ್ಯಾನ್‌ಗಳ ಲೆಕ್ಕ ಹಿಡಿದು ಇದನ್ನು ಬರೆದರು. ನಿಮ್ಮ ಮಾತ್ರೆಯ ಅಣ್ಣನಂತಿರುವ ಸಿಟಲೋಪ್ರಾಮ್ ತೆಗೆದುಕೊಳ್ಳಿ. 20 ಎಂ.ಜಿ.ಯಲ್ಲಿ, ಮಿದುಳಿನೊಳಗೆ ಅದು ಕೆಲಸ ಮಾಡುವ ಜಾಗಗಳಲ್ಲಿ ನೂರಕ್ಕೆ ಸುಮಾರು 80 ಪಾಲು ತುಂಬಿರುತ್ತದೆ. 9 ಎಂ.ಜಿ.ಗೆ ಇಳಿಸಿದರೂ 70 ಪಾಲು ತುಂಬಿಯೇ ಇರುತ್ತದೆ. ಬರೀ 2.3 ಎಂ.ಜಿ.ಯಲ್ಲೂ 40 ಪಾಲು. ಅಂದರೆ 20ರಿಂದ 9ಕ್ಕೆ ಇಳಿದಾಗ ಮಿದುಳಿಗೆ ಆದ ಬದಲಾವಣೆ 10 ಪಾಲು. ಆ ಕೊನೆಯ ಪುಟ್ಟ ಚೂರನ್ನು ಬಿಟ್ಟಾಗ ಆಗುವುದು 40 ಪಾಲು! ಅಟ್ಟದ ಏಣಿಯಲ್ಲಿ ಮೇಲಿನ ಮೆಟ್ಟಿಲು ಹತ್ತಿರ ಹತ್ತಿರ, ಕೆಳಗಿನವು ದೂರ ದೂರ ಇದ್ದರೆ ಹೇಗೋ ಹಾಗೆ. ಜನ ಬೀಳುವುದು ನೆಲ ಕಂಡಿತು ಅನ್ನುವಾಗಲೇ.

ಹಾಗಾಗಿ ಕೆಳಗೆ ಬಂದಷ್ಟೂ ಹೆಜ್ಜೆ ಸಣ್ಣದಾಗಬೇಕು. ಈಗ ಇರುವ ಡೋಸ್‌ನಲ್ಲಿ ಹತ್ತರಲ್ಲಿ ಒಂದು ಪಾಲು ಇಳಿಸಿ, ಒಂದು ತಿಂಗಳು ಕಾದು, ಆಗ ಇರುವುದರಲ್ಲಿ ಮತ್ತೆ ಹತ್ತರಲ್ಲಿ ಒಂದು ಪಾಲು: ಇದು ಎಚ್ಚರದ ದಾರಿ. ಎಲ್ಲರಿಗೂ ಇಷ್ಟು ನಿಧಾನ ಬೇಕಿಲ್ಲ. ಎರಡು ಸಲ ಎಡವಿದ ನಿಮಗೆ ಬೇಕಾಗಬಹುದು. ನೆದರ್ಲೆಂಡ್ಸ್‌ನಲ್ಲಿ ಇದಕ್ಕೆಂದೇ ದಿನಕ್ಕೊಂದು ಪುಟ್ಟ ಪೊಟ್ಟಣದಂತೆ ಸಣ್ಣ ಸಣ್ಣ ಡೋಸ್ ತಯಾರಿಸಿ ಕೊಡುತ್ತಾರೆ. ನಮ್ಮಲ್ಲಿ 5 ಎಂ.ಜಿ. ಮಾತ್ರೆಯನ್ನು ಕಟರ್‌ನಲ್ಲಿ ಕಾಲು ಮಾಡುವುದೇ ಗತಿ. ಅದಕ್ಕಿಂತ ಕೆಳಗೆ ದ್ರವ ರೂಪದ ಔಷಧ ಬೇಕಾದೀತು, ಅದನ್ನು ವೈದ್ಯರ ಹತ್ತಿರವೇ ಕೇಳಬೇಕು. ಸಿ.ಆರ್., ಎಕ್ಸ್.ಆರ್. ಅಂತ ಬರೆದಿರುವ ಮಾತ್ರೆಗಳನ್ನು ಮಾತ್ರ ನೀವಾಗಿ ಕತ್ತರಿಸಬೇಡಿ. ಅವು ನಿಧಾನವಾಗಿ ಕರಗಲೆಂದು ಮಾಡಿದವು.

ಈಗ ಎಲ್ಲಿಗೆ ಹೋಗುವುದು? ನಿಮಗೆ ಹತ್ತಿರ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಅದಕ್ಕೂ ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ ನೋಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಅಲ್ಲಿರುತ್ತದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ನನ್ನ ಕೇಳಿದರೆ ದೂರದ ದೊಡ್ಡ ಹೆಸರಿಗಿಂತ ತಿಂಗಳಿಗೊಮ್ಮೆ ಸಿಗುವ ಹತ್ತಿರದವರೇ ವಾಸಿ. ಬೆಂಗಳೂರಿನ ನಿಮ್ಹಾನ್ಸ್‌ಗೆ ರಾತ್ರಿ ಬಸ್ ಹತ್ತಿ ಹೋಗಿ, ಒಂದು ಚೀಟಿ ತಂದು, ಮತ್ತೆ ಆರು ತಿಂಗಳು ಆ ಕಡೆ ತಲೆ ಹಾಕದಿದ್ದರೆ ಈ ಕೆಲಸ ಆಗುವುದಿಲ್ಲ. ಒಮ್ಮೆ ನೇರವಾಗಿ ಕಂಡ ವೈದ್ಯರು ಆಮೇಲೆ ಫೋನ್‌ನಲ್ಲಿ, ವಿಡಿಯೊದಲ್ಲಿ ನೋಡಲು ಒಪ್ಪುತ್ತಾರಾ ಕೇಳಿ. 2020ರಿಂದ ಅದಕ್ಕೆ ನಿಯಮವೂ ಇದೆ.

ಹೋಗುವಾಗ ಒಂದು ಹಾಳೆ ಬರೆದುಕೊಂಡು ಹೋಗಿ. ಯಾವಾಗ ಶುರು, ಎಷ್ಟು ಎಂ.ಜಿ., ಎರಡು ಸಲ ಬಿಟ್ಟಾಗ ಎಷ್ಟನೇ ದಿನಕ್ಕೆ ಏನಾಯಿತು, ಬೇರೆ ಯಾವ ಮಾತ್ರೆ ಇದೆ, ಮನೆಯಲ್ಲಿ ಇನ್ನಾರಿಗಾದರೂ ಈ ಕಾಯಿಲೆ ಇತ್ತಾ. ಹಳೇ ಆಸ್ಪತ್ರೆಯಿಂದ ನಿಮ್ಮ ದಾಖಲೆ ಕೇಳುವ ಹಕ್ಕು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ. "ಮಾತ್ರೆ ಬಿಡಿಸಿ" ಅಂತ ಶುರು ಮಾಡಬೇಡಿ, ಅರ್ಧ ವೈದ್ಯರು ಅಲ್ಲೇ ಬಾಗಿಲು ಹಾಕಿಕೊಳ್ಳುತ್ತಾರೆ. "ನನಗೆ ಇದು ಇನ್ನೂ ಬೇಕಾ, ಬೇಡವಾದರೆ ನಿಧಾನವಾಗಿ ಇಳಿಸಲು ನನ್ನ ಜೊತೆ ಇರುತ್ತೀರಾ" ಅಂತ ಕೇಳಿ. ನಡುವೆ ತಲೆಸುತ್ತು ಬಂದರೆ ಏನು ಮಾಡುತ್ತೀರಿ ಅಂತಲೂ ಕೇಳಿ. "ಹಿಂದಿನ ಡೋಸ್‌ಗೆ ಮರಳಿ, ನಿಂತು, ಆಮೇಲೆ ಇನ್ನೂ ಸಣ್ಣ ಹೆಜ್ಜೆ" ಅಂದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ.

'ಇನ್ನೂ ಬೇಕಾ' ಅನ್ನುವ ಪ್ರಶ್ನೆ ಸುಮ್ಮನೆ ಶಿಷ್ಟಾಚಾರಕ್ಕಲ್ಲ. ಇಂಗ್ಲೆಂಡ್‌ನಲ್ಲಿ ಹೀಗೇ ದೀರ್ಘ ಕಾಲ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದ 478 ಜನರ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಕಾಯಿಲೆ ಮರಳಿದ್ದು, ಬಿಟ್ಟವರಲ್ಲಿ ನೂರಕ್ಕೆ 56 ಜನರಿಗೆ, ಮುಂದುವರಿಸಿದವರಲ್ಲಿ 39 ಜನರಿಗೆ. ಎರಡೂ ಕಡೆ ಓದಬಹುದಾದ ಲೆಕ್ಕ ಇದು. ಬಿಟ್ಟವರಲ್ಲಿ 44 ಜನ ಚೆನ್ನಾಗಿಯೇ ಇದ್ದರು. ಅಲ್ಲಿ ಡೋಸ್ ಇಳಿಸಿದ್ದೂ ಸುಮಾರು ಎರಡೇ ತಿಂಗಳಲ್ಲಿ. ನಿಮಗೆ ಡಿಪ್ರೆಶನ್ ಒಂದೇ ಸಲ, ಅದೂ ದೊಡ್ಡ ನೋವಿನ ಬೆನ್ನಿಗೆ ಬಂದಿದ್ದು. ಬಿಡುವ ಮಾತು ಎತ್ತಲು ನಿಮಗೆ ಕಾರಣವಿದೆ. ಮೂರು ನಾಲ್ಕು ಸಲ ಮರಳಿದ್ದರೆ, ಆತ್ಮಹತ್ಯೆಯ ಪ್ರಯತ್ನ ಆಗಿದ್ದರೆ ಅಥವಾ ಬೈಪೋಲಾರ್ ಕಾಯಿಲೆ ಇದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಮಾತಿನ ಚಿಕಿತ್ಸೆ ಜೊತೆಗಿದ್ದರೆ ಒಳ್ಳೆಯದು. ಅದಕ್ಕೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ನೋಡಿ. ಅವರು ಮಾತ್ರೆಯ ಡೋಸ್ ಬದಲಿಸುವಂತಿಲ್ಲ, ಅದು ಮನೋವೈದ್ಯರದ್ದು. ಡೋಸ್ ಇಳಿಸುವುದನ್ನು ಶುರು ಮಾಡಲು ಶಾಲೆ ತೆರೆಯುವ ಜೂನ್ ಬೇಡ, ಪರೀಕ್ಷೆಯ ಮಾರ್ಚ್ ಕೂಡ ಬೇಡ. ಮನೆಯಲ್ಲಿ ಒಬ್ಬರಿಗೆ ವಿಷಯ ಹೇಳಿಡಿ. ನಮ್ಮ ಮುಖ ಬಾಡಿದ್ದು ನಮಗಿಂತ ಮೊದಲು ಅವರಿಗೇ ಕಾಣುತ್ತದೆ. ಬದುಕೇ ಬೇಡ ಅನ್ನಿಸುವಂತಾದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ತುಮಕೂರಿನಲ್ಲಿರುವ ಅಮ್ಮನಿಗೆ 63 ವರ್ಷ. ಆರು ವರ್ಷದಿಂದ 'ಟೆನ್ಶನ್ ಮಾತ್ರೆ' ತೆಗೆದುಕೊಳ್ಳುತ್ತಿದ್ದರು. ಮರೆವು ಜಾಸ್ತಿ ಆಗುತ್ತಿದೆ ಅಂತ ನಾನೇ ಹೋದ ವಾರ ನಿಲ್ಲಿಸಿಬಿಟ್ಟೆ. ಮೂರು ರಾತ್ರಿಯಿಂದ ನಿದ್ದೆ ಇಲ್ಲ, ಕೈ ನಡುಗುತ್ತಿದೆ. ಇದು ಕೂಡ ತಾನಾಗಿ ಇಳಿಯುತ್ತದಾ?

ಉತ್ತರ: ಕಾಯಬೇಡಿ. ಇವತ್ತೇ ವೈದ್ಯರಿಗೆ ತೋರಿಸಿ. ಹೊರಡುವ ಮೊದಲು ಸ್ಟ್ರಿಪ್‌ನ ಹಿಂಬದಿ ಓದಿ. ನೀವು ಕಳಿಸಿದ ಫೋಟೊದಲ್ಲಿ ಎರಡು ಹೆಸರಿವೆ: ಎಸ್ಸಿಟಲೋಪ್ರಾಮ್ 10, ಕ್ಲೋನಾಜೆಪಾಮ್ 0.5. ಒಂದೇ ಮಾತ್ರೆ, ಒಳಗೆ ಎರಡು ಔಷಧ. ನಮ್ಮ ದೇಶದಲ್ಲಿ ಈ ಜೋಡಿ ಮಾತ್ರೆ ಊರೂರಲ್ಲಿ ಓಡುತ್ತದೆ. ತಿನ್ನುವವರಿಗೆ ಅದು ಗೊತ್ತೇ ಇರುವುದಿಲ್ಲ. ಆತಂಕ ತಗ್ಗಿಸಿ ನಿದ್ದೆ ತರಲು ಮೊದಲ ಕೆಲವು ವಾರಕ್ಕೆಂದು ಕೊಟ್ಟ ಕ್ಲೋನಾಜೆಪಾಮ್ ಹೀಗೆ ಜೊತೆಗೆ ಅಂಟಿಕೊಂಡು ಆರು ವರ್ಷ ಉಳಿದುಬಿಡುತ್ತದೆ. ನನಗೆ ಈ ಜೋಡಿಯ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಕೈ ನಡುಕ ಹೆಚ್ಚಾಗಿ ಕ್ಲೋನಾಜೆಪಾಮ್ ನಿಂತಿದ್ದಕ್ಕೆ. ವರ್ಷಗಟ್ಟಲೆ ತೆಗೆದುಕೊಂಡಿದ್ದನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಗೊಂದಲ, ಇಲ್ಲದ್ದು ಕಾಣುವುದು, ಫಿಟ್ಸ್ ಇದರಲ್ಲಿ ಯಾವುದಾದರೂ ಕಂಡರೆ ನೇರ ಎಮರ್ಜೆನ್ಸಿಗೆ ಹೋಗಿ. ಇಲ್ಲದಿದ್ದರೆ ವೈದ್ಯರು ಬಹುಶಃ ಹಳೇ ಮಾತ್ರೆಯನ್ನೇ ಮತ್ತೆ ಶುರು ಮಾಡಿ ಅನ್ನುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಹಿಂದೆ ಹೋಗುವುದೇ ಇಲ್ಲಿ ಸರಿ. ಅಮ್ಮ ಸ್ಥಿರವಾದ ಮೇಲೆ ಜೋಡಿಯನ್ನು ಬೇರೆ ಬೇರೆ ಮಾತ್ರೆ ಮಾಡಿಸಿ. ಆಮೇಲೆ ಒಂದನ್ನು ಮುಟ್ಟದೆ ಇನ್ನೊಂದನ್ನು ಮಾತ್ರ ತಿಂಗಳುಗಟ್ಟಲೆ ಇಳಿಸುವುದು. ಎರಡನ್ನೂ ಒಟ್ಟಿಗೆ ಇಳಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಮರೆವಿನ ಬಗ್ಗೆ ನಿಮ್ಮ ಅನುಮಾನ ತಪ್ಪೇನಲ್ಲ. ವಯಸ್ಸಾದವರಲ್ಲಿ ಕ್ಲೋನಾಜೆಪಾಮ್ ಮಂಪರು, ಮರೆವು ತರುತ್ತದೆ, ರಾತ್ರಿ ಎದ್ದಾಗ ಬೀಳುವ ಭಯವೂ ಇದೆ. ಆದರೆ ಮರೆವಿಗೆ ಬೇರೆ ಕಾರಣಗಳೂ ಇರುತ್ತವೆ. ಬಿ12, ಥೈರಾಯ್ಡ್, ರಕ್ತದ ಸೋಡಿಯಂ ನೋಡಿಸಿ.

ಪ್ರಶ್ನೆ: 29 ವರ್ಷ, ಮದುವೆಯಾಗಿ ಎರಡು ವರ್ಷ. ನಾಲ್ಕು ವರ್ಷದಿಂದ ಡಿಪ್ರೆಶನ್‌ಗೆ ಸರ್ಟ್ರಾಲಿನ್ 50 ತೆಗೆದುಕೊಳ್ಳುತ್ತಿದ್ದೇನೆ. ಬಸುರಾದದ್ದು ಗೊತ್ತಾದ ದಿನವೇ ನಿಲ್ಲಿಸಿದರೆ ಸಾಕಾ?

ಉತ್ತರ: ಬೇಡ, ಆ ದಿನ ನಿಲ್ಲಿಸಲೇಬೇಡಿ. ಈಗಲೇ, ಮಗುವಿಗೆ ಪ್ರಯತ್ನಿಸುವ ಮೊದಲೇ, ಮನೋವೈದ್ಯರು ಮತ್ತು ಸ್ತ್ರೀರೋಗ ತಜ್ಞರು ಇಬ್ಬರಿಗೂ ಹೇಳಿ. ಬಿಡುವುದಾದರೆ ಇಳಿಸಲು ಸಮಯ ಸಿಗುತ್ತದೆ. ಬಿಡದಿರುವುದೂ ಒಂದು ಉತ್ತರವೇ. ಸರ್ಟ್ರಾಲಿನ್ ಬಸುರಿಯಲ್ಲೂ, ಹಾಲೂಡಿಸುವಾಗಲೂ ವೈದ್ಯರು ಹೆಚ್ಚಾಗಿ ಆರಿಸಿಕೊಳ್ಳುವ ಔಷಧಗಳಲ್ಲಿ ಒಂದು. ಚಿಕಿತ್ಸೆ ಇಲ್ಲದ ಡಿಪ್ರೆಶನ್ ತಾಯಿಗೂ ಮಗುವಿಗೂ ಹಗುರವಲ್ಲ. ಇಬ್ಬರು ವೈದ್ಯರ ಮಾತು ಹೊಂದದಿದ್ದರೆ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ, ಬಾಣಂತಿಯರಿಗೆಂದೇ ಸೇವೆ ಇದೆ. ಅಲ್ಲಿ ಒಮ್ಮೆ ಅಭಿಪ್ರಾಯ ಕೇಳಿ, ಗಂಡನನ್ನೂ ಕರೆದುಕೊಂಡು ಹೋಗಿ.